ರಾಜೇಶ್ ಪೈಲಟ್: ವಾಯುಪಡೆಯ ಹದಿಮೂರು ವರ್ಷ, ರಾಜೀನಾಮೆ, ಆಮೇಲಿನ ರಾಜಕೀಯ

ಪ್ರಶ್ನೆ: 1966ರಲ್ಲಿ ಮಿಜೋರಾಂನ ಐಜ್ವಾಲ್ ಮೇಲೆ ಬಾಂಬ್ ಹಾಕಿದ ಪೈಲಟ್‌ಗಳಲ್ಲಿ ರಾಜೇಶ್ ಪೈಲಟ್ ಒಬ್ಬರು, ಅದಕ್ಕೇ ಕಾಂಗ್ರೆಸ್ ಅವರಿಗೆ ಟಿಕೆಟ್ ಕೊಟ್ಟಿತು ಎಂಬ ಮೆಸೇಜ್ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇದು ನಿಜವೇ? ಅವರು ನೌಕರಿಯಲ್ಲಿ ಇದ್ದುಕೊಂಡೇ ಚುನಾವಣೆಗೆ ನಿಂತರೇ? ಇನ್ನೊಂದು ವಿಷಯ. ನನ್ನ ತಂಗಿಯ ಮಗ ವಾಯುಪಡೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್. ಮುಂದೆ ರಾಜಕೀಯಕ್ಕೆ ಬರಬೇಕೆಂಬ ಆಸೆ ಅವನಿಗಿದೆ. ಅವನು ಏನೇನು ನೋಡಿಕೊಳ್ಳಬೇಕು?

ಉತ್ತರ: ಐಜ್ವಾಲ್ ವಿಷಯವನ್ನು ಮೊದಲು ಮುಗಿಸೋಣ. ರಾಜೇಶ್ ಪೈಲಟ್ ಬಗ್ಗೆ ಆ ಮೆಸೇಜ್ ಸುಳ್ಳು. ಐಜ್ವಾಲ್ ಮೇಲೆ ವಾಯುದಾಳಿ ನಡೆದದ್ದು 1966ರ ಮಾರ್ಚ್ 5ರ ಆಸುಪಾಸಿನಲ್ಲಿ. ಅವರು ವಾಯುಪಡೆಯಲ್ಲಿ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಪಡೆದದ್ದು ಅದೇ ವರ್ಷ ಅಕ್ಟೋಬರ್ 29ರಂದು. ನಡುವೆ ಹೆಚ್ಚುಕಡಿಮೆ ಎಂಟು ತಿಂಗಳಿದೆ. ಈ ಗಲಾಟೆ ಶುರುವಾದದ್ದು 2023ರ ಆಗಸ್ಟ್‌ನಲ್ಲಿ. ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯಕ್ಕೆ ಉತ್ತರ ಕೊಡುವಾಗ ಪ್ರಧಾನಿ ನರೇಂದ್ರ ಮೋದಿ ಐಜ್ವಾಲ್ ದಾಳಿಯನ್ನು ಎತ್ತಿದರು. ಅದಾದ ಕೆಲವೇ ದಿನಕ್ಕೆ ಬಿಜೆಪಿಯ ಅಮಿತ್ ಮಾಳವೀಯ, ಆ ವಿಮಾನ ಹಾರಿಸಿದವರು ರಾಜೇಶ್ ಪೈಲಟ್ ಮತ್ತು ಮುಂದೆ ಕಾಂಗ್ರೆಸ್ ನಾಯಕರಾದ ಸುರೇಶ್ ಕಲ್ಮಾಡಿ ಎಂದು ಬರೆದರು. ರಾಜೇಶ್ ಅವರ ಮಗ ಸಚಿನ್ ಪೈಲಟ್ ತಂದೆಯ ಕಮಿಷನ್ ಪತ್ರವನ್ನೇ ಹಾಕಿ ಉತ್ತರಿಸಿದರು: ತಂದೆ ಬಾಂಬ್ ಹಾಕಿದ್ದು ಹೌದು, ಆದರೆ ಅದು 1971ರ ಯುದ್ಧದಲ್ಲಿ, ಆಗಿನ ಪೂರ್ವ ಪಾಕಿಸ್ತಾನದ ಮೇಲೆ.

ಕಮಿಷನ್‌ಗೆ ಮುಂಚೆಯೇ ತರಬೇತಿಯಲ್ಲಿದ್ದಾಗ ಹಾರಿಸಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಕಮಿಷನ್ ಆಗುವವರೆಗೆ ತರಬೇತಿಯಲ್ಲಿರುವವರು ಫ್ಲೈಟ್ ಕೆಡೆಟ್. ಕೆಡೆಟ್‌ಗೆ ಯುದ್ಧ ಕಾರ್ಯಾಚರಣೆಯ ಹಾರಾಟ ಕೊಡುವ ಪದ್ಧತಿ ಇಲ್ಲ. ರೆಕ್ಕೆಯ ಬಿಲ್ಲೆ ಎದೆಗೆ ಬಿದ್ದ ಮಾರನೇ ದಿನವೇ ದಾಳಿಗೆ ಕಳಿಸುವುದೂ ಇಲ್ಲ. ಮೊದಲು ಯಾವ ಬಗೆಯ ವಿಮಾನಕ್ಕೆ ಎಂದು ವಿಂಗಡಣೆ, ಆ ವಿಮಾನದ ಮೇಲೆ ಬೇರೆ ತರಬೇತಿ, ಆಮೇಲೆ ಸ್ಕ್ವಾಡ್ರನ್ (ವಾಯುಪಡೆಯ ವಿಮಾನ ತುಕಡಿ) ಸೇರಿ ಅಲ್ಲಿನ ಹಿರಿಯರ ಕೈಕೆಳಗೆ ಕಾರ್ಯಾಚರಣೆಗೆ ಅರ್ಹನೆಂದು ಒಪ್ಪಿಗೆ ಸಿಗಬೇಕು. ಐಜ್ವಾಲ್ ಮೇಲೆ ಹೋದದ್ದು ತೂಫಾನಿ ಮತ್ತು ಹಂಟರ್ ಜೆಟ್‌ಗಳು. ಅವನ್ನು ಹಾರಿಸುವ ಹೊತ್ತಿಗೆ ಪೈಲಟ್ ಕಮಿಷನ್ ಆಗಿ ಸಾಕಷ್ಟು ಕಾಲ ಕಳೆದಿರುತ್ತದೆ. ಹಾಗಾಗಿ ಅಕ್ಟೋಬರ್ 29ರ ಕಮಿಷನ್ ಎಂದರೆ ದಾಳಿಯ ಸಮಯಕ್ಕೆ ಎಂಟು ತಿಂಗಳಷ್ಟೇ ದೂರವಿದ್ದರು ಎಂದಲ್ಲ, ಅದಕ್ಕಿಂತ ಬಹಳ ದೂರವಿದ್ದರು.

ಆ ದಾಳಿ ನಡೆದದ್ದು ಮಾತ್ರ ಸುಳ್ಳಲ್ಲ, ಅದನ್ನು ಮುಚ್ಚಿಡಬಾರದು. ಆಗ ಮಿಜೋ ಬೆಟ್ಟಗಳು ಅಸ್ಸಾಂ ರಾಜ್ಯದ ಜಿಲ್ಲೆ. ಫೆಬ್ರವರಿ 28ರ ರಾತ್ರಿ ಮಿಜೋ ನ್ಯಾಷನಲ್ ಫ್ರಂಟ್ ಬಂಡಾಯ ಎದ್ದಿತು, ಮಾರ್ಚ್ 1ರಂದು ಅದರ ನಾಯಕ ಲಾಲ್‌ಡೆಂಗಾ ಸ್ವಾತಂತ್ರ್ಯ ಘೋಷಿಸಿದರು, ಐಜ್ವಾಲ್‌ನ ಅಸ್ಸಾಂ ರೈಫಲ್ಸ್ ನೆಲೆಗೆ ಮುತ್ತಿಗೆ ಬಿತ್ತು. ಆ ಹೊತ್ತಿನಲ್ಲಿ ದೇಶದೊಳಗಿನ ಊರಿನ ಮೇಲೆ ನಮ್ಮದೇ ಯುದ್ಧವಿಮಾನ ಬಂತು. ಮಿಜೋ ಜನ ಅದನ್ನು ಇವತ್ತಿಗೂ ಮರೆತಿಲ್ಲ. ಅವರ ಆ ನೋವಿಗೆ ನ್ಯಾಯ ಸಿಗಬೇಕಾದರೆ ಹಾರಿಸದವರ ಹೆಸರು ತುರುಕುವುದನ್ನು ಮೊದಲು ನಿಲ್ಲಿಸಬೇಕು.

ಕಲ್ಮಾಡಿ ವಿಷಯ ಬೇರೆ. ಅವರು 1964ರಲ್ಲೇ ವಾಯುಪಡೆ ಸೇರಿದವರು. ಹಾಗಾಗಿ ತಾರೀಖೊಂದನ್ನೇ ಹಿಡಿದು ಅವರ ಮೇಲಿನ ಮಾತನ್ನು ಸುಳ್ಳೆನ್ನಲಾಗದು, ನಿಜವೆನ್ನಲೂ ಆಗದು. 1966ರ ಮಾರ್ಚ್‌ನಲ್ಲಿ ಅವರು ಯಾವ ಸ್ಕ್ವಾಡ್ರನ್‌ನಲ್ಲಿದ್ದರು, ಆ ಸ್ಕ್ವಾಡ್ರನ್ ಅಲ್ಲಿಗೆ ಹೋಗಿತ್ತೇ, ಅವತ್ತಿನ ಹಾರಾಟದ ದಾಖಲೆಯಲ್ಲಿ ಅವರ ಹೆಸರಿದೆಯೇ ಎಂಬ ಮೂರೂ ಪ್ರಶ್ನೆಗಳಿಗೆ ಕಾಗದ ಬೇಕು. ಕಾಗದ ತೋರಿಸದೆ ಹೇಳುವುದು ಆಪಾದನೆಯಾಗುತ್ತದೆ, ಇತಿಹಾಸವಾಗುವುದಿಲ್ಲ.

ಬಾಂಬ್ ಹಾಕಿದರು ಎಂದ ಕೂಡಲೇ ಫೈಟರ್ ಪೈಲಟ್ ಎಂದುಕೊಳ್ಳುವುದೂ ಸರಿಯಲ್ಲ. 1971ರಲ್ಲಿ ನಮ್ಮ ವಾಯುಪಡೆ ಸಾಗಣೆ ವಿಮಾನಗಳನ್ನೂ ಬಾಂಬ್ ಹಾಕಲು ಬಳಸಿತ್ತು. ಪಶ್ಚಿಮದಲ್ಲಿ ಎಎನ್-12 ವಿಮಾನಗಳು ಛಾಂಗಾ ಮಾಂಗಾ ಕಾಡಿನಲ್ಲಿದ್ದ ಪಾಕಿಸ್ತಾನಿ ಮದ್ದುಗುಂಡಿನ ಸಂಗ್ರಹದ ಮೇಲೆ ರಾತ್ರಿ ದಾಳಿ ಮಾಡಿದವು. ಆ ವಿಮಾನಗಳಲ್ಲಿ ಫೈಟರ್‌ಗಳಂತೆ ಬಾಂಬ್ ತೂಗುಹಾಕುವ ಏರ್ಪಾಡೇ ಇರಲಿಲ್ಲ. ಸಾಮಾನು ತುಂಬುವ ಹೊಟ್ಟೆಯಲ್ಲಿ ಬಾಂಬ್ ಪೇರಿಸಿ ಹಿಂಬಾಗಿಲಿನಿಂದ ಉರುಳಿಸಬೇಕಿತ್ತು. ಆದ್ದರಿಂದ ಯಾವ ಪೈಲಟ್ ಆದರೂ, ಯಾವ ವಿಮಾನ, ಯಾವ ಸ್ಕ್ವಾಡ್ರನ್ ಎಂದು ಕೇಳದೆ ಬಿರುದು ಕೊಡಬೇಡಿ.

ಈಗ ಮನುಷ್ಯನ ಬಗ್ಗೆ. ಹುಟ್ಟಿದ್ದು 1945ರ ಫೆಬ್ರವರಿ 10ರಂದು, ಉತ್ತರ ಪ್ರದೇಶದ ಬೈದ್‌ಪುರ ಎಂಬ ಹಳ್ಳಿಯಲ್ಲಿ. ಇವತ್ತು ಅದು ಗ್ರೇಟರ್ ನೋಯ್ಡಾ ಸೀಮೆಗೆ ಬರುತ್ತದೆ. ಗುಜ್ಜರ್ ರೈತ ಕುಟುಂಬ, ಇಟ್ಟ ಹೆಸರು ರಾಜೇಶ್ವರ ಪ್ರಸಾದ್. ತಂದೆ ಸೇನೆಯಲ್ಲಿದ್ದವರು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹುಡುಗ ದೆಹಲಿಗೆ ಬಂದು, ಹಸು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ ಸಂಬಂಧಿಕರ ಮನೆಯಲ್ಲಿ ನಿಂತ. ಬೆಳಗಿನ ಜಾವ ಎದ್ದು ಹಾಲು ಕರೆಯುವುದು, ಮಂತ್ರಿಗಳ ಬಂಗಲೆಗಳಿಗೆ ಹಾಲು ಹಾಕುವುದು, ಆಮೇಲೆ ಮುನ್ಸಿಪಲ್ ಶಾಲೆಗೆ ಓಡುವುದು. ಮುಂದೆ ಕೇಂದ್ರದಲ್ಲಿ ಸಚಿವರಾದ ಮೇಲೆ ಅದೇ ಲ್ಯೂಟೆನ್ಸ್ ದೆಹಲಿಯ ಬಂಗಲೆಗಳ ಸಾಲಿನಲ್ಲಿ ಅವರಿಗೂ ಮನೆ ಸಿಕ್ಕಿತು. ಇದನ್ನು ಅವರ ಪಕ್ಷದವರು ಭಾಷಣದಲ್ಲಿ ಬಹಳ ಹೇಳುತ್ತಾರೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಶಾಲೆಯ ಎನ್‌ಸಿಸಿ. ಮನೆಯಲ್ಲಿ ದುಡ್ಡಿಲ್ಲದ ಹುಡುಗನಿಗೆ ಸಮವಸ್ತ್ರ, ಕವಾಯತು, ಸೇನಾ ಪರೀಕ್ಷೆಗಳ ಮಾಹಿತಿ ಎಲ್ಲವೂ ಒಂದೇ ಕಡೆ ಸಿಗುತ್ತಿದ್ದ ಜಾಗ ಆ ಕಾಲದಲ್ಲಿ ಅದೊಂದೇ. ಈಗಲೂ ಹಳ್ಳಿ ಕಡೆಯ ಮಕ್ಕಳಿಗೆ ಆ ಮಾತು ಬಹಳ ಮಟ್ಟಿಗೆ ಸಲ್ಲುತ್ತದೆ.

1966ರಿಂದ 1979ರವರೆಗೆ ಹದಿಮೂರು ವರ್ಷ ಸೇವೆ. ಬಿಟ್ಟಾಗ ಸ್ಕ್ವಾಡ್ರನ್ ಲೀಡರ್. ಈ ಹದಿಮೂರು ಎಂಬ ಅಂಕಿಯನ್ನು ಗಮನಿಸಿ, ನಿಮ್ಮ ಸೋದರಳಿಯನಿಗೂ ಅದು ಮುಖ್ಯ. ಅಧಿಕಾರಿಗೆ ಪಿಂಚಣಿ ಸಿಗಲು 20 ವರ್ಷದ ಅರ್ಹ ಸೇವೆ ಬೇಕು. ಏಳು ವರ್ಷ ಬಾಕಿ ಇರುವಾಗ, ಗೆಲ್ಲುವ ಖಾತ್ರಿ ಯಾವುದೂ ಇಲ್ಲದೆ, ಹೆಂಡತಿ ಮಕ್ಕಳಿರುವ ಮನುಷ್ಯ ರಾಜೀನಾಮೆ ಕೊಟ್ಟ. ಅವರ ಬದುಕಿನ ಅತಿ ದೊಡ್ಡ ಸಾಹಸ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಈ ರಾಜೀನಾಮೆ ಪತ್ರವನ್ನು. ಯುದ್ಧಕ್ಕೆ ಹೋಗು ಎಂದು ಆದೇಶ ಬರುತ್ತದೆ. ಇದನ್ನು ಮಾಡು ಎಂದು ಯಾರೂ ಆದೇಶ ಕೊಡುವುದಿಲ್ಲ.

ಆ ವರ್ಷದ ರಾಜಕೀಯ ನೆನಪಿಸಿಕೊಳ್ಳಿ. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಬಿತ್ತು, ಚರಣ್ ಸಿಂಗ್ ಪ್ರಧಾನಿಯಾದರು, ಆಗಸ್ಟ್‌ನಲ್ಲಿ ಲೋಕಸಭೆ ವಿಸರ್ಜನೆಯಾಯಿತು, 1980ರ ಜನವರಿ ಮೊದಲ ವಾರದಲ್ಲಿ ಮತದಾನ. ಸೇವೆ ಬಿಟ್ಟು, ಟಿಕೆಟ್ ಹಿಡಿದು, ನಾಮಪತ್ರ ಹಾಕಲು ಕೆಲವೇ ತಿಂಗಳು ಇದ್ದವು. ರಾಜೇಶ್ ಮೊದಲು ಕೇಳಿದ್ದು ಬಾಗ್‌ಪತ್ ಕ್ಷೇತ್ರದ ಟಿಕೆಟ್. ಅಲ್ಲಿ ಎದುರಾಳಿ ಸ್ವತಃ ಹಂಗಾಮಿ ಪ್ರಧಾನಿ ಚರಣ್ ಸಿಂಗ್. ಇಂದಿರಾ ಗಾಂಧಿ ಇದಕ್ಕೆ ಮೊದಲು ಒಪ್ಪಲಿಲ್ಲ, ವಾಯುಪಡೆಯಲ್ಲೇ ಮುಂದುವರಿಯಲು ಹೇಳಿದರು ಎಂಬುದು ಕುಟುಂಬದವರ ಮಾತು. ಕೊನೆಗೆ ಟಿಕೆಟ್ ಸಿಕ್ಕಿದ್ದು ರಾಜಸ್ಥಾನದ ಭರತ್‌ಪುರದಲ್ಲಿ. ಅಲ್ಲಿಯವರಿಗೆ ಹೊಸಬ, ಹೊರಗಿನವ. ವಾಯುಪಡೆಯ ಪೈಲಟ್ ಒಬ್ಬರು ನಿಲ್ಲುತ್ತಾರೆ ಎಂದು ಅಲ್ಲಿ ಆಗಲೇ ಸುದ್ದಿ ಹಬ್ಬಿತ್ತು, ಅದನ್ನೇ ಹೆಸರಾಗಿ ಇಟ್ಟುಕೋ ಎಂದು ಸಂಜಯ್ ಗಾಂಧಿ ಸೂಚಿಸಿದರು ಎನ್ನುತ್ತಾರೆ. ರಾಜೇಶ್ವರ ಪ್ರಸಾದ್ ಹೀಗೆ ರಾಜೇಶ್ ಪೈಲಟ್ ಆದರು, ಗೆದ್ದರು.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆಗೆ ಬರೋಣ. ನೌಕರಿಯಲ್ಲಿ ಇದ್ದುಕೊಂಡೇ ನಿಲ್ಲಲು ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ತಡೆಗಳು ಎರಡು ಕಡೆಯಿಂದ ಬರುತ್ತವೆ.

ಮೊದಲನೆಯದು ಸೇವೆಯ ಕಡೆಯಿಂದ. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. ವಾಯುಪಡೆ ಕಾಯ್ದೆ, 1950ರ 21ನೇ ಕಲಂ ಅದನ್ನು ಜಾರಿಗೆ ತರುತ್ತದೆ. ಅದರ ಕೆಳಗಿನ ನಿಯಮಗಳ ಪ್ರಕಾರ ರಾಜಕೀಯ ಸಭೆಗೆ ಹೋಗುವಂತಿಲ್ಲ, ಪಕ್ಷದ ಸದಸ್ಯತ್ವ ತೆಗೆದುಕೊಳ್ಳುವಂತಿಲ್ಲ, ಚಂದಾ ಕೊಡುವಂತಿಲ್ಲ. ತಾನು ಅಭ್ಯರ್ಥಿ ಎಂದು ಹೇಳಿಕೊಳ್ಳುವುದಿರಲಿ, ಮುಂದೆ ಅಭ್ಯರ್ಥಿಯಾಗುತ್ತೇನೆ ಎಂದು ಸಾರ್ವಜನಿಕವಾಗಿ ಹೇಳುವಂತೆಯೂ ಇಲ್ಲ, ಬೇರೆಯವರಿಂದ ಹೇಳಿಸುವಂತೆಯೂ ಇಲ್ಲ. ಹುಡುಗರು ಎಡವುವುದು ಇಲ್ಲೇ. ಊರ ಜಾತ್ರೆಯ ಫ್ಲೆಕ್ಸ್‌ನಲ್ಲಿ 'ಮುಂದಿನ ಶಾಸಕರು' ಎಂದು ಗೆಳೆಯರು ಫೋಟೊ ಹಾಕಿಸುತ್ತಾರೆ, ಯಾರೋ ಅದನ್ನು ಫೇಸ್‌ಬುಕ್‌ಗೆ ಏರಿಸುತ್ತಾರೆ, ಅದು ಸೀದಾ ಕಮಾಂಡಿಂಗ್ ಆಫೀಸರ್ ಮೇಜಿಗೆ ಬರುತ್ತದೆ. ಶಿಸ್ತು ಉಲ್ಲಂಘನೆಯ 65ನೇ ಕಲಂ ಇಂಥದ್ದಕ್ಕೂ ತಾಕಬಹುದು. ನಿಮ್ಮ ಸೋದರಳಿಯನಿಗೆ ಮೊದಲ ಬುದ್ಧಿಮಾತು ಇದೇ: ಬಿಡುಗಡೆ ಆದೇಶ ಕೈಗೆ ಬರುವವರೆಗೆ ಆಸೆ ಮನೆಯೊಳಗೇ ಇರಲಿ.

ಎರಡನೆಯದು ಚುನಾವಣಾ ಕಾನೂನಿನ ಕಡೆಯಿಂದ. ಸರ್ಕಾರದ ಸಂಬಳದ ಹುದ್ದೆಯಲ್ಲಿ (ಕಾನೂನಿನ ಮಾತಿನಲ್ಲಿ ಲಾಭದಾಯಕ ಹುದ್ದೆ) ಇರುವವರು ಸಂಸತ್ತಿಗೆ 102ನೇ ವಿಧಿ, ವಿಧಾನಸಭೆಗೆ 191ನೇ ವಿಧಿಯಂತೆ ಅನರ್ಹರು. ಇದನ್ನು ನೋಡುವುದು ನಾಮಪತ್ರ ಪರಿಶೀಲನೆಗೆ ಗೊತ್ತುಮಾಡಿದ ದಿನದಂದು. ಪ್ರಜಾಪ್ರಾತಿನಿಧ್ಯ ಕಾಯ್ದೆ, 1951ರ 36ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ರಾಜೀನಾಮೆ ಕೊಟ್ಟಿದ್ದೇನೆ, ಇನ್ನೂ ಅಂಗೀಕಾರವಾಗಿಲ್ಲ ಎಂಬ ಮಾತು ಅವತ್ತು ನಡೆಯುವುದಿಲ್ಲ.

ಅಂಗೀಕಾರವೇ ದೊಡ್ಡ ಗಂಟು. ಖಾಸಗಿ ಕಂಪನಿಯಂತೆ ಮೂರು ತಿಂಗಳ ನೋಟಿಸ್ ಕೊಟ್ಟು ಹೊರಡುವ ಜಾಗ ಇದಲ್ಲ. ಅರ್ಜಿ ಕಮಾಂಡಿಂಗ್ ಆಫೀಸರ್ ಮೂಲಕ ಮೇಲಕ್ಕೆ ಹೋಗಿ ವಾಯುಪಡೆಯ ಕೇಂದ್ರ ಕಚೇರಿ ತಲುಪಬೇಕು. ಪೈಲಟ್‌ಗಳ ಕೊರತೆ ಇದೆ ಎಂಬ ಕಾರಣಕ್ಕೇ ತಿರಸ್ಕರಿಸಬಹುದು. 2019ರಲ್ಲಿ ಸುಪ್ರೀಂ ಕೋರ್ಟ್ ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ, ಬೇಕೆಂದಾಗ ಸೇವೆ ಬಿಟ್ಟುಹೋಗುವ ಹಕ್ಕು ಯಾರಿಗೂ ಇಲ್ಲ ಎಂದಿದೆ. ಆದ್ದರಿಂದ ಚುನಾವಣೆ ಘೋಷಣೆಯಾದ ಮೇಲೆ ಅರ್ಜಿ ಹಾಕಿದರೆ ಕೆಲಸ ಕೆಟ್ಟಂತೆಯೇ. ಕನಿಷ್ಠ ಒಂದು ವರ್ಷ ಮೊದಲು ಅರ್ಜಿ ಹೋಗಿರಬೇಕು ಎಂಬುದು ನನ್ನ ಲೆಕ್ಕ. ಆ ಹುಡುಗ ಯಾವ ಬಗೆಯ ಕಮಿಷನ್‌ನಲ್ಲಿದ್ದಾನೆ ಎಂದು ಮೊದಲು ಕೇಳಿ. ಹಾರಾಟ ಶಾಖೆಯ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಕಮಿಷನ್) ಆದರೆ 14 ವರ್ಷಕ್ಕೆ ಸೇವೆ ತಾನಾಗಿಯೇ ಮುಗಿಯುತ್ತದೆ, ಪಿಂಚಣಿ ಇಲ್ಲ. ಅಂಥವರು ಅವಧಿ ಮುಗಿಸಿಕೊಂಡು ಬರುವುದೇ ಲೇಸು. ಶಾಶ್ವತ ಕಮಿಷನ್ ಆದರೆ 20 ವರ್ಷ ಮುಗಿಸುವುದೋ ರಾಜೇಶ್ ಅವರಂತೆ ಮಧ್ಯದಲ್ಲಿ ಬಿಡುವುದೋ ಎಂಬುದು ಮನೆಯವರೆಲ್ಲ ಕೂತು ಲೆಕ್ಕ ಹಾಕಬೇಕಾದ ವಿಷಯ.

ಹೊರಬಂದ ಮೇಲೆ ಇಷ್ಟು ಕಾಲ ಕಾಯಬೇಕು ಎಂಬ ಕಾನೂನು ರಾಜಕೀಯಕ್ಕೆ ಇಲ್ಲ. ಆದರೆ ಸೈನಿಕರು ಕಾಗದದಲ್ಲಿ ಜಾರುವ ಜಾಗಗಳು ಕೆಲವಿವೆ.

ಒಂದು ಮತದಾರರ ಪಟ್ಟಿ. ಸೇವೆಯಲ್ಲಿರುವವರ ಹೆಸರು ಸಾಮಾನ್ಯವಾಗಿ ಸ್ವಂತ ಊರಿನ ಪಟ್ಟಿಯ ಕೊನೆಯ ಭಾಗದಲ್ಲಿ, ಸೇವಾ ಮತದಾರ ಎಂದು ಇರುತ್ತದೆ. ಸೇವೆ ಬಿಟ್ಟ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ. ನಮೂನೆ 6 ತುಂಬಿ ಸಾಮಾನ್ಯ ಮತದಾರನಾಗಿ ಸೇರಬೇಕು. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ನಾಮಪತ್ರದ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆಯಾದರೂ ಕೊಟ್ಟಿರಬೇಕು. ಲೋಕಸಭೆಗಾದರೆ ದೇಶದ ಯಾವ ಕ್ಷೇತ್ರದ ಮತದಾರನಾದರೂ ಸಾಕು, ಉತ್ತರ ಪ್ರದೇಶದವರು ಭರತ್‌ಪುರದಲ್ಲಿ ನಿಲ್ಲಲು ಸಾಧ್ಯವಾದದ್ದು ಹಾಗೆ. ವಿಧಾನಸಭೆಗೆ ಅದೇ ರಾಜ್ಯದ ಮತದಾರನಾಗಿರಬೇಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಹೆಸರು ಮಾತ್ರ ಕೊನೆಯ ಪೋಸ್ಟಿಂಗ್ ಇದ್ದ ಜೋಧ್‌ಪುರದಲ್ಲಿ ಇದ್ದರೆ ಕರ್ನಾಟಕ ವಿಧಾನಸಭೆಗೆ ನಿಲ್ಲಲಾಗದು. ಬೇರೆ ಕ್ಷೇತ್ರದಲ್ಲಿ ನಿಲ್ಲುವಾಗ ತನ್ನ ಹೆಸರಿರುವ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ ಅಥವಾ ಪರಿಶೀಲನೆಯ ಹೊತ್ತಿಗೆ ಕೊಡಲೇಬೇಕು. ಮನೆಯ ಪ್ರಿಂಟರ್‌ನಲ್ಲಿ ತೆಗೆದ ಪುಟ ಒಪ್ಪುವುದಿಲ್ಲ.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಕಳೆದ ಹತ್ತು ವರ್ಷದಲ್ಲಿ ಸರ್ಕಾರಿ ವಸತಿಯಲ್ಲಿ ಇದ್ದವರು ಬಾಡಿಗೆ, ವಿದ್ಯುತ್, ನೀರು, ದೂರವಾಣಿ ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನು ನಮೂನೆ 26ರ ಅಫಿಡವಿಟ್ ಜೊತೆ ಲಗತ್ತಿಸಬೇಕು. ವಾಯುಪಡೆ ಅಧಿಕಾರಿ ಎಂದರೆ ಹತ್ತು ವರ್ಷದಲ್ಲಿ ಮೂರು ನಾಲ್ಕು ನೆಲೆಗಳ ಕ್ವಾರ್ಟರ್ಸ್. ತೇಜ್‌ಪುರದ ಮನೆಯ ಕರೆಂಟ್ ಬಿಲ್ ಬಾಕಿ ಇಲ್ಲ ಎಂಬ ಚೀಟಿಯನ್ನು ನಾಮಪತ್ರದ ವಾರದಲ್ಲಿ ತರಿಸಿಕೊಳ್ಳಲು ಹೋದರೆ ಆಗುವ ಕೆಲಸವಲ್ಲ. ಪ್ರತಿ ನೆಲೆಯಿಂದ ವರ್ಗವಾಗುವಾಗಲೇ ಬಾಕಿ ತೀರಿಸಿದ ಕಾಗದ ತೆಗೆದು ಒಂದು ಫೈಲಿನಲ್ಲಿ ಇಡಲು ಹೇಳಿ. ನಾಮಪತ್ರಕ್ಕೆ ಹೊಸ ತಾರೀಖಿನ ಪ್ರಮಾಣಪತ್ರವೇ ಬೇಕಾಗುತ್ತದೆ, ಆದರೆ ಹಳೆಯ ಕಾಗದ ತೋರಿಸಿದರೆ ಅದು ಬೇಗ ಸಿಗುತ್ತದೆ.

ಮೂರನೆಯದು 'ಸೇವೆಯಿಂದ ವಜಾ ಆಗಿದ್ದೀರಾ' ಎಂಬ ನಾಮಪತ್ರದ ಪ್ರಶ್ನೆ. ಭ್ರಷ್ಟಾಚಾರ ಅಥವಾ ನಿಷ್ಠಾದ್ರೋಹಕ್ಕೆ ವಜಾ ಆದವರು ಐದು ವರ್ಷ ನಿಲ್ಲುವಂತಿಲ್ಲ. ಬೇರೆ ಕಾರಣಕ್ಕೆ ವಜಾ ಆದವರೂ ಆ ಐದು ವರ್ಷದೊಳಗೆ ನಿಲ್ಲಬೇಕಾದರೆ, ತಾವು ಆ ಎರಡು ಕಾರಣಕ್ಕೆ ವಜಾ ಆದವರಲ್ಲ ಎಂದು ಚುನಾವಣಾ ಆಯೋಗದಿಂದಲೇ ಪತ್ರ ತಂದು ಲಗತ್ತಿಸಬೇಕು. 2019ರಲ್ಲಿ ವಾರಾಣಸಿಯಲ್ಲಿ ಬಿಎಸ್‌ಎಫ್‌ನಿಂದ ವಜಾ ಆದ ತೇಜ್ ಬಹದ್ದೂರ್ ಯಾದವ್ ಅವರ ನಾಮಪತ್ರ ಬಿದ್ದುಹೋದದ್ದು ಈ ಪತ್ರ ಇಲ್ಲದ್ದಕ್ಕೆ. ಸುಪ್ರೀಂ ಕೋರ್ಟ್‌ವರೆಗೆ ಹೋದರೂ ಫಲ ಸಿಗಲಿಲ್ಲ. ರಾಜೀನಾಮೆ ಕೊಟ್ಟು ಗೌರವವಾಗಿ ಬಂದವರಿಗೆ ಈ ಪತ್ರ ಬೇಡ, ಆದರೆ ಪರಿಶೀಲನೆಯ ಕೋಣೆಗೆ ಬಿಡುಗಡೆ ಆದೇಶದ ಮೂಲ ಪ್ರತಿ ಹಿಡಿದುಕೊಂಡೇ ಹೋಗಬೇಕು. ಎದುರಾಳಿಯ ವಕೀಲ ತಕರಾರು ಎತ್ತಿದಾಗ ಬಾಯಿಮಾತಿನ ಉತ್ತರ ಸಾಲದು.

ಉಳಿದದ್ದು ಎಲ್ಲರಿಗೂ ಒಂದೇ. ವಯಸ್ಸು 25 ತುಂಬಿರಬೇಕು. ಠೇವಣಿ ಲೋಕಸಭೆಗೆ 25,000, ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟರಿಗೆ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ, ಪಕ್ಷೇತರರಿಗೆ ಹತ್ತು ಮಂದಿ, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ ಮತ್ತು ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು.

ಪ್ರಚಾರದಲ್ಲಿ ಸಮವಸ್ತ್ರ ಬೇಡವೇ ಬೇಡ. ಸೈನಿಕನೆಂದು ನಂಬಿಸಲು ಸೈನಿಕರ ಉಡುಪು ತೊಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ 140ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ರಕ್ಷಣಾ ಸಿಬ್ಬಂದಿಯ ಫೋಟೊಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2013ರ ಡಿಸೆಂಬರ್‌ನಲ್ಲೇ ಹೇಳಿದೆ, 2019ರ ಮಾರ್ಚ್‌ನಲ್ಲಿ ಮತ್ತೆ ಹೇಳಿದೆ. ಕಾಕ್‌ಪಿಟ್ ಮುಂದೆ ಹೆಲ್ಮೆಟ್ ಹಿಡಿದು ನಿಂತ ಚಿತ್ರ ಫ್ಲೆಕ್ಸ್‌ಗೆ ಚೆನ್ನಾಗಿ ಕಾಣುತ್ತದೆ, ದೂರಿಗೂ ಅಷ್ಟೇ ಚೆನ್ನಾಗಿ ಒದಗುತ್ತದೆ.

ಸಮವಸ್ತ್ರದ ನಂಟು ಬಿಡಲಾರೆ ಎನ್ನುವವರಿಗೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. 1959ರ ಅನರ್ಹತೆ ತಡೆ ಕಾಯ್ದೆ ಟೆರಿಟೋರಿಯಲ್ ಆರ್ಮಿ (ಬೇರೆ ಕೆಲಸದಲ್ಲಿ ಇದ್ದುಕೊಂಡೇ ಸೇವೆ ಮಾಡುವ ಅರೆಕಾಲಿಕ ಸೇನೆ), ಎನ್‌ಸಿಸಿ ಮುಂತಾದವನ್ನು ಲಾಭದಾಯಕ ಹುದ್ದೆಯ ತಡೆಯಿಂದ ಹೊರಗಿಟ್ಟಿದೆ. 2012ರಲ್ಲಿ ಸಚಿನ್ ಪೈಲಟ್ ಕೇಂದ್ರ ಸಚಿವರಾಗಿರುವಾಗಲೇ ಟೆರಿಟೋರಿಯಲ್ ಆರ್ಮಿಯಲ್ಲಿ ಕಮಿಷನ್ ಪಡೆದದ್ದು ಈ ದಾರಿಯಲ್ಲಿ.

ಮತ್ತೆ ರಾಜೇಶ್ ಕಡೆಗೆ. 1984ರಿಂದ ಅವರ ಕ್ಷೇತ್ರ ದೌಸಾ. 1989ರ ಸೋಲಿನ ನಂತರ 1991, 1996, 1998, 1999ರಲ್ಲಿ ಅಲ್ಲಿಂದಲೇ ಗೆದ್ದರು. ರಾಜೀವ್ ಗಾಂಧಿ ಸರ್ಕಾರದಲ್ಲಿ ಭೂ ಸಾರಿಗೆ ಖಾತೆಯ ರಾಜ್ಯ ಸಚಿವ. ಇವತ್ತು ನಮ್ಮ ಡ್ರೈವಿಂಗ್ ಲೈಸೆನ್ಸ್‌ನಿಂದ ಹಿಡಿದು ಅಪಘಾತ ಪರಿಹಾರದವರೆಗೆ ಅನ್ವಯವಾಗುವ 1988ರ ಮೋಟಾರು ವಾಹನ ಕಾಯ್ದೆ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕಾಯ್ದೆ ಎರಡೂ ಆ ಇಲಾಖೆಯಿಂದ ಆ ಅವಧಿಯಲ್ಲೇ ಬಂದವು. ನರಸಿಂಹ ರಾವ್ ಕಾಲದಲ್ಲಿ ಮೊದಲು ಸಂಪರ್ಕ ಖಾತೆ, 1993ರಿಂದ ಗೃಹ ಇಲಾಖೆಯಲ್ಲಿ ಆಂತರಿಕ ಭದ್ರತೆ. ಉಗ್ರರು ಸೇರಿಕೊಂಡಿದ್ದ ಶ್ರೀನಗರದ ಹಜರತ್‌ಬಲ್ ದರ್ಗಾದ ಮುತ್ತಿಗೆ ನಡೆದದ್ದು ಅವರು ಆ ಕುರ್ಚಿಯಲ್ಲಿದ್ದಾಗ. ಗೃಹ ಸಚಿವ ಎಸ್.ಬಿ. ಚವಾಣ್ ಮತ್ತು ರಾಜೇಶ್ ನಡುವೆ ಎಳೆದಾಟ ಇತ್ತೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. 1995ರಲ್ಲಿ ಪ್ರಧಾನಿಗೆ ಹತ್ತಿರದವರೆನಿಸಿದ್ದ ದೇವಮಾನವ ಚಂದ್ರಾಸ್ವಾಮಿಯ ಬಂಧನಕ್ಕೆ ಆದೇಶ ಕೊಟ್ಟರು. ಅದರ ಬೆನ್ನಿಗೇ ಗೃಹ ಖಾತೆ ಹೋಗಿ ಪರಿಸರ ಖಾತೆ ಬಂತು.

1997ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸೀತಾರಾಮ್ ಕೇಸರಿಗೆ 6,224 ಮತ, ಶರದ್ ಪವಾರ್‌ಗೆ 882, ರಾಜೇಶ್‌ಗೆ 354. ಮೂರನೆಯ ಸ್ಥಾನ, ಅದೂ ಬಹಳ ದೂರದ ಮೂರನೆಯದು. ಆದರೂ ಆ ಪಕ್ಷದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಜವಾಗಿ ಮತ ಹಾಕಿಸಿದ ಸಂದರ್ಭಗಳು ಎಷ್ಟು ಕಡಿಮೆ ಎಂದು ನೋಡಿದರೆ, ನಿಂತದ್ದಕ್ಕೇ ಬೆಲೆ ಇದೆ. 2000ದ ಜೂನ್ 11ರಂದು ದೌಸಾ ಬಳಿ ಅವರ ಜೀಪು ಬಸ್ಸಿಗೆ ಡಿಕ್ಕಿಯಾಗಿ ತೀರಿಕೊಂಡರು. 55 ವರ್ಷ. ಉಪಚುನಾವಣೆಯಲ್ಲಿ ಪತ್ನಿ ರಮಾ ಪೈಲಟ್, 2004ರಲ್ಲಿ ಮಗ ಸಚಿನ್ ಅದೇ ಕ್ಷೇತ್ರದಿಂದ ಗೆದ್ದರು.

ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ. ಒಡಿಶಾದ ಬಿಜು ಪಟ್ನಾಯಕ್ ಎರಡನೇ ಮಹಾಯುದ್ಧದ ಕಾಲದ ಪೈಲಟ್, 1947ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಇಂಡೋನೇಷ್ಯಾದ ನಾಯಕ ಸುತಾನ್ ಶಹರೀರ್ ಅವರನ್ನು ಡಕೋಟಾ ವಿಮಾನದಲ್ಲಿ ಕರೆತಂದವರು, ಎರಡು ಬಾರಿ ಮುಖ್ಯಮಂತ್ರಿ. ತೆಲಂಗಾಣದ ಉತ್ತಮ್ ಕುಮಾರ್ ರೆಡ್ಡಿ ಮಿಗ್ ಹಾರಿಸಿದವರು, 1999ರಲ್ಲಿ ಮೊದಲ ಸಲ ಶಾಸಕರಾದರು. ವಾಯುಪಡೆಯ ಮುಖ್ಯಸ್ಥರಾಗಿದ್ದ ಆರ್.ಕೆ.ಎಸ್. ಭದೌರಿಯಾ ನಿವೃತ್ತಿಯ ನಂತರ 2024ರ ಮಾರ್ಚ್‌ನಲ್ಲಿ ಬಿಜೆಪಿ ಸೇರಿದರು. ಈ ಪಟ್ಟಿಗೆ ರಾಜೀವ್ ಗಾಂಧಿಯನ್ನು ಸೇರಿಸುವವರಿದ್ದಾರೆ. ಅದು ತಪ್ಪು, ಅವರು ಇಂಡಿಯನ್ ಏರ್‌ಲೈನ್ಸ್ ಪೈಲಟ್. ನಮ್ಮ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. ವಿಮಾನ ಕಂಪನಿ ಕಟ್ಟಿದವರೆಂದು ಅವರನ್ನು ವಾಯುಪಡೆಯವರೆಂದುಕೊಳ್ಳುವುದುಂಟು, ಅವರು ಭೂಸೇನೆಯ ಅಧಿಕಾರಿ. ವಾಯುಪಡೆಯಲ್ಲಿ ಬರೀ ಕ್ಯಾಪ್ಟನ್ ಎಂಬ ಹುದ್ದೆಯೇ ಇಲ್ಲ, ಇರುವುದು ಗ್ರೂಪ್ ಕ್ಯಾಪ್ಟನ್.

ಕೊನೆಯದಾಗಿ, ಇಂಥ ಮೆಸೇಜ್ ಮತ್ತೆ ಬಂದಾಗ ನೀವೇ ಪರಿಶೀಲಿಸುವ ಬಗೆ. ಅಧಿಕಾರಿಗಳ ನೇಮಕ, ಬಡ್ತಿಯ ರಕ್ಷಣಾ ಸಚಿವಾಲಯದ ಅಧಿಸೂಚನೆಗಳು ಭಾರತ ಗೆಜೆಟ್‌ನ ಭಾಗ 1, ವಿಭಾಗ 4ರಲ್ಲಿ ಬರುತ್ತವೆ. ಸಂಸದರಾದವರಿಗೆ ಲೋಕಸಭೆಯ ಸದಸ್ಯರ ಪರಿಚಯ ಪುಟವೂ ಇದೆ, ಆದರೆ ಅದು ಸದಸ್ಯರು ತಾವೇ ಕೊಟ್ಟ ಮಾಹಿತಿ ಎಂಬುದು ನೆನಪಿರಲಿ. ಇನ್ನೂ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ವಾಯುಪಡೆಯ ಕೇಂದ್ರ ಕಚೇರಿಗೆ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಬರಬೇಕು. ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸಿದರೆ 8ನೇ ಕಲಂನ 3ನೇ ಉಪಕಲಂ ತೋರಿಸಿ: 20 ವರ್ಷಕ್ಕಿಂತ ಹಳೆಯ ಘಟನೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ದೇಶದ ಭದ್ರತೆಯ ಕಾರಣ ಕೊಟ್ಟರೆ ತಡೆ ಉಳಿಯುತ್ತದೆ. ಸ್ಕ್ವಾಡ್ರನ್ ಹಾರಾಟದ ದಾಖಲೆಗೆ ಆ ಕಾರಣ ಕೊಡುವ ಸಾಧ್ಯತೆ ಹೆಚ್ಚು, ಕಮಿಷನ್ ತಾರೀಖಿಗೆ ಕಡಿಮೆ. ಆದ್ದರಿಂದ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಡಿ. ರಾಜೇಶ್ ಅವರ ಬಗ್ಗೆ ಹುಡುಕುವುದಾದರೆ 1980ಕ್ಕಿಂತ ಹಿಂದಿನ ಯಾವ ಕಾಗದದಲ್ಲೂ 'ಪೈಲಟ್' ಎಂದು ಹುಡುಕಬೇಡಿ, ರಾಜೇಶ್ವರ ಪ್ರಸಾದ್ ಎಂದು ಹುಡುಕಿ.